ಅನುವಾದಕ್ಕೆ ಬಿಟ್ಟ ಜಾಗ

ಮುಕ್ಕುಂದ, ಸಿಂಧನೂರು ತಾಲೂಕು
12 ಸೆಪ್ಟೆಂಬರ್ 2024

ಪ್ರೀತಿಯ ತಂಗಿ ಸುರೇಖಾಳಿಗೆ ಪೀರಮ್ಮಕ್ಕನ ಜೈಭೀಮ್.

ನಿನ್ನ ಮೆಸೇಜು ಬಂದು ತಿಂಗಳ ಮೇಲಾಯಿತು. ನಾಟಿಯ ಹಂಗಾಮು, ಕೈತುಂಬ ಕೆಲಸ. ತಡವಾಯಿತು, ಬೇಕಾದಷ್ಟು ಬೈದುಕೋ. ಫೋನು ಮಾಡಬಹುದಿತ್ತು, ಆದರೆ ದಿಲ್ಲಿಗೆ ಹೋದಮೇಲೆ ನೀನು ನನ್ನ ಮಾತು ಮುಗಿಯುವ ಮೊದಲೇ 'ಓಕೆ ಅಕ್ಕಾ' ಅಂದುಬಿಡುತ್ತೀ. ಕಾಗದಕ್ಕೆ ಹಾಗೆ ಅನ್ನಲಾಗದು. ನನಗೆ ಅಕ್ಷರ ಕಲಿಸಿದವಳು ನೀನೇ, ಈಗ ಓದುವ ಕಷ್ಟವೂ ನಿನ್ನದೇ.

ನೀನು ಕೇಳಿದ್ದು ಇಷ್ಟು: ಆ ಪರದೇಶದ ಸಂಸ್ಥೆಯವರು ನಮ್ಮ ಮಹಿಳಾ ಸಂಘಕ್ಕೆ ಮತ್ತೆ ನೆರವು ಕೊಡುವ ಮನಸ್ಸು ಮಾಡಿದ್ದಾರೆ, ದೀಪಾವಳಿ ಮುಗಿದ ಮೇಲೆ ಊರಿಗೆ ಬರುತ್ತಾರೆ, ನಾನು ಮೊದಲಿನಂತೆ ನನ್ನ ಕಥೆ ಹೇಳಬೇಕು. ಉತ್ತರಕ್ಕೆ ಮುಂಚೆ ಊರಿನ ಸುದ್ದಿ ಕೇಳು.

ನೆರವು ನಿಂತು, ನೀನು ಕೆಲಸಕ್ಕಿದ್ದ ಸಿಂಧನೂರಿನ ಆಫೀಸಿಗೆ ಬೀಗ ಬಿದ್ದಾಗ ಸಂಘ ಮುಗಿಯಿತು ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಈಗ ಪಂಪಾವತಿಯ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂಡುತ್ತೇವೆ. ಬ್ಯಾನರಿಲ್ಲ, ಫೋಟೋ ಇಲ್ಲ, ಬಿಸ್ಕೀಟೂ ಇಲ್ಲ. ನೀನು ಮಂಡಕ್ಕಿ ಅನ್ನುವ ಒಗ್ಗರಣೆ ಮಂಡಾಳು ಮಾತ್ರ ತಪ್ಪುವುದಿಲ್ಲ.

ದೊಡ್ಡ ಸುದ್ದಿಯೆಂದರೆ ನಮ್ಮ ಕೇರಿಯ ಸುಡುಗಾಡಿಗೆ ದಾರಿ ಬಂತು! ಗದ್ದೆಗೆ ನೀರು ಬಿಟ್ಟಾಗ ಮೊಣಕಾಲು ಕೆಸರಿನಲ್ಲಿ ಹೆಣ ಹೊತ್ತು ಹೋಗುತ್ತಿದ್ದದ್ದನ್ನು ನೀನೇ ಕಂಡಿದ್ದೀ. ಪಾಪ, ನೀನು ಆ ಸಂಸ್ಥೆಯವರಿಗೆ ಬರೆದೂ ಕಳಿಸಿದ್ದೆ. ಆದರೆ ಅವರ ಯೋಜನೆಗೆ ಒಂದು ವರ್ಷ ಹೆಣ್ಣುಮಗು ಬೇಕಿತ್ತು, ಆಮೇಲೆ ಶೌಚಾಲಯ, ಆಮೇಲೆ ಹವಾಮಾನ. ನಮ್ಮ ಸುಡುಗಾಡು ಯಾವ ವರ್ಷಕ್ಕೂ ಹೊಂದಲಿಲ್ಲ. ಅವರನ್ನು ಬೈಯಲಾರೆ. ಕೂಲಿ ಕೇಳುವುದನ್ನು, ಪೊಲೀಸ್ ಠಾಣೆಯಲ್ಲಿ ಕುರ್ಚಿ ಎಳೆದು ಕೂಡುವುದನ್ನು ಕಲಿತದ್ದು ಅವರ ತರಬೇತಿಯಲ್ಲೇ. ಈ ಸಲ ನಾವೇ ರೊಟ್ಟಿ ಬುತ್ತಿ ಕಟ್ಟಿಕೊಂಡು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತೆವು.

"ಯಾವ ಸಂಸ್ಥೆಯವ್ರವ್ವಾ ನೀವು?" ಅಂದರು ತಹಶೀಲ್ದಾರರು.

"ಯಾವ ಸಂಸ್ಥೇನೂ ಅಲ್ರೀ ಸಾಹೇಬ್ರ, ಸತ್ರ ಹೂಳಾಕ ಹಾದಿ ಬೇಕಾಗೇತಿ," ಅಂದಳು ಪಂಪಾವತಿ.

ಅವರಿಗೂ ನಗು ತಡೆಯಲಾಗಲಿಲ್ಲ. ಬೇಸಿಗೆಯಲ್ಲಿ ಅಳತೆಯಾಯಿತು, ಮಳೆಗೆ ಮೊದಲೇ ದಾರಿಗೆ ಮೊರಂ ಮಣ್ಣು ಬಿತ್ತು.

ಇನ್ನೊಂದು ಸುದ್ದಿಗೆ ನೀನು ಬಿದ್ದು ಬಿದ್ದು ನಗುತ್ತೀ. ಹೋದ ರವಿವಾರ ಬೆಳಿಗ್ಗೆ ಬಿಳಿ ಕಾರೊಂದು ಬಂದು ಬೇವಿನ ಗಿಡದ ಕೆಳಗೆ ನಿಂತಿತು. "ಅಕ್ಕಾ, ಸುರೇಖಾಕ್ಕನ ಮಂದಿ ಬಂದಾರ!" ಎಂದು ಹುಸೇನಮ್ಮ ಕೂಗಿದ್ದೇ ತಡ, ಹೇಳಿದ್ದಕ್ಕಿಂತ ಮೊದಲೇ ಬಂದರಲ್ಲ ಎಂದು ಜಮಖಾನೆ ಹಾಸಿದೆವು, ಸಾಲಾಗಿ ಕೂತೆವು, ಸ್ವಾಗತದ ಹಾಡು ಹೇಳಿದೆವು. ಬಂದವರು ಕೈಮುಗಿದು ಕೂತರು. ನಾನು ಎದ್ದು ಕಥೆ ಶುರುಮಾಡಿದೆ. ನಾಟಿಗೆ ಕರೆದ ಗದ್ದೆಯ ಯಜಮಾನ, ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ನಾನು ಮಲಗಿಸಿದ್ದ ಜ್ವರದ ಕೂಸು, ಕೆಲಸ ಮುಗಿಯುವತನಕ ದವಾಖಾನೆಗೆ ಬಿಡುವುದಿಲ್ಲ ಎಂದು ಆತ ಅಂದದ್ದು, ಸಂಜೆಗೆ ಕೂಸು ತಣ್ಣಗಾದದ್ದು. ಅಲ್ಲಿಗೆ ಮಾತು ನಿಲ್ಲಿಸಿದೆ. ನೀನು ಇಂಗ್ಲಿಷಿನಲ್ಲಿ ಹೇಳಲೆಂದು ಯಾವಾಗಲೂ ಅಲ್ಲೇ ನಿಲ್ಲಿಸುತ್ತಿದ್ದೆನಲ್ಲ, ಅದೇ ರೂಢಿ.

ಹೇಳುವವರು ಯಾರೂ ಇಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಕೊನೆಗೆ ಬಂದವರಲ್ಲಿ ಹಿರಿಯರು, "ನಾವು ಹಟ್ಟಿಯವ್ರರೀ. ಗಾಯತ್ರಿನ್ನ ನೋಡಾಕ ಬಂದೀವಿ," ಅಂದರು. ಪಂಪಾವತಿಯ ಮಗಳನ್ನು ನೋಡಲು ಬಂದ ಬೀಗರು! ಮಧ್ಯಾಹ್ನ ಬರಬೇಕಾದವರು ಬೇಗ ಬಂದಿದ್ದರು. ಅಡುಗೆಮನೆಯಿಂದ ಹೊರಬಂದ ಪಂಪಾವತಿ ತಲೆಯ ಮೇಲೆ ಕೈಹೊತ್ತು ನಿಂತಳು.

ಸಂಬಂಧ ಕೆಟ್ಟಿತೆಂದೇ ಅಂದುಕೊಂಡೆ. ಆದರೆ ಹುಡುಗನ ತಾಯಿ ಎದ್ದು ಬಂದು ನನ್ನ ಕೈ ಹಿಡಿದಳು. ಹೋಗುವಾಗ ಪಂಪಾವತಿಗೆ, "ಒಬ್ರಿಗೊಬ್ರು ಆಗೋ ಮಂದಿ ಅದೀರಿ. ಇಂಥಾ ಕೇರ್ಯಾಗಿಂದ ಸೊಸಿ ಬಂದ್ರ ಛಲೋನ ಆತು," ಅಂದಳಂತೆ. ಹುಡುಗನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ನೌಕರಿ. ಸಂಕ್ರಾಂತಿ ಕಳೆದ ಮೇಲೆ ಮದುವೆ, ನೀನು ಬರಲೇಬೇಕು.

ಈಗ ಉತ್ತರ. ನಿನ್ನ ಮಂದಿ ಬರಲಿ, ಮಂಡಾಳು ತಿನ್ನಲಿ, ನಮ್ಮ ದಾರಿಯಲ್ಲಿ ನಡೆದು ನೋಡಲಿ. ಯಾವುದಕ್ಕೆ ನೆರವು ಬೇಕೆಂದು ನಾವು ಹೇಳುತ್ತೇವೆ. ಒಪ್ಪಿದರೆ ಸಂತೋಷ, ಒಪ್ಪದಿದ್ದರೂ ಬೇವಿನ ನೆರಳು ಎಲ್ಲಿಗೂ ಹೋಗದು. ಕಥೆ ಮಾತ್ರ ಇನ್ನು ನಾನು ಹೇಳುವುದಿಲ್ಲ. ಸಿಟ್ಟಿನಿಂದ ಅಲ್ಲ ತಂಗಿ.

ಮಕ್ಕಳಿಗೆ ನನ್ನ ಮುದ್ದು. ನಿನ್ನ ಹೊಟ್ಟೆ ಸದಾ ತಂಪಾಗಿರಲಿ.

ನಿನ್ನ
ಪೀರಮ್ಮಕ್ಕ

ತಾ.ಕ.: ಕೈ ಹಿಡಿದಾಗ ಹುಡುಗನ ತಾಯಿ ಒಂದು ಮಾತು ಕೇಳಿದ್ದಳು. ಮೇಲೆ ಬರೆಯಲಿಕ್ಕೆ ಆಗಲಿಲ್ಲ. "ಕೂಸಿಗೆ ಏನಂತ ಹೆಸರಿಟ್ಟಿದ್ರಿ ಅಕ್ಕಾ?" ಇಷ್ಟು ವರ್ಷ ಬಂದುಹೋದವರು ಯಾರೂ ಅದನ್ನು ಕೇಳಿರಲಿಲ್ಲ. ಬಾಯಿ ತೆರೆದರೆ ಬಂದದ್ದು ಒಂದು ಹೆಣ್ಣಿನ ಹೆಸರು. ನನಗೆ ಹುಟ್ಟಿದ್ದು ಗಂಡುಮಗು, ನಿನಗೆ ಗೊತ್ತು. ಹೆಣ್ಣುಮಗುವಿನ ಯೋಜನೆಯ ವರ್ಷ ನೀನು ಇಂಗ್ಲಿಷಿನಲ್ಲಿ ಅವನನ್ನು ಮಗಳು ಮಾಡಿದೆ. ಆಮೇಲೆ ನಾನೂ ಕನ್ನಡದಲ್ಲಿ ಮಗಳೆಂದೇ ಹೇಳುತ್ತ ಬಂದೆ. ಮರುದಿನ ಹೊಸ ದಾರಿಯಲ್ಲಿ ನಡೆದು ಅವನನ್ನು ಹೂತ ಜಾಗಕ್ಕೆ ಹೋದೆ. ಕಾಲಿಗೆ ಕೆಸರು ಹತ್ತಲಿಲ್ಲ. ದುರುಗೇಶ ಎಂದು ಗಟ್ಟಿಯಾಗಿ ಕರೆದೆ. ನನ್ನ ಕಿವಿಗೇ ಅದು ಬೇರೆ ಯಾರದೋ ಮಗನ ಹೆಸರಿನಂತೆ ಕೇಳಿಸಿತು.