ಮೊದಲು ಕೈ ಎತ್ತಿದವಳು

ಮನೆ,
೧೪ನೇ ತಾರೀಖು, ಬುಧವಾರ

ಪ್ರೀತಿಯ ಮೆಣಸಿನಕಾಯಿ,

ಹೇಗಿದ್ದೀಯೆ? ಪೊಲೀಸ್ ತರಬೇತಿಯ ಓಟಕ್ಕೆ ಪಾದವೆಲ್ಲ ಬೊಬ್ಬೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೆ? ಇಲ್ಲಿ ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ನಾನೂ ಇದ್ದೇನೆ, ಇದ್ದ ಹಾಗೆ.

ನಿನ್ನ ಪತ್ರವನ್ನು ಅಪ್ಪ ಬೀದಿಗೆಲ್ಲ ಓದಿ ಹೇಳಿದರು. ಬರುವ ಶನಿವಾರ ಶಾಕ್ ಕೊಡುವ ಬಂದೂಕಿನ ಪಾಠವಂತೆ, ಹೊಡೆಸಿಕೊಂಡು ತೋರಿಸಲು ಇಡೀ ತಂಡದಲ್ಲಿ ಮೊದಲು ಕೈ ಎತ್ತಿದವಳು ನೀನಂತೆ. "ನಮ್ಮ ಚಿಕ್ಕವಳದು ಗಂಡೆದೆ ಕಣ್ರೀ" ಎಂದು ಇಸ್ತ್ರಿ ಅಂಗಡಿಯವನಿಗೂ ಹೇಳಿ ಬಂದರು. ನಾನು ಒಂಬತ್ತು ವರ್ಷದಿಂದ ಕ್ಲಿನಿಕ್ಕಿನಲ್ಲಿ ಜನರ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆಯುತ್ತಿದ್ದೇನೆ. ಆ ಕೆಲಸದ ಹೆಸರಿಗೆ ಅಪ್ಪನ ನಾಲಿಗೆ ಈಗಲೂ ಹೊರಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ, ಬಿಡು. ಸಮವಸ್ತ್ರದ ನಿನ್ನ ಫೋಟೊ ಗೋಡೆಗೆ ಏರಿದ ದಿನ ನನ್ನ ಪ್ರಮಾಣಪತ್ರ ಇಳಿದು ಬೀರುವಿನ ಹಿಂದೆ ಸೇರಿತು. ಹೊಟ್ಟೆ ಉರಿಯಿತು ಕಣೇ, ಯಾಕೆ ಮುಚ್ಚಿಡಲಿ? ಈ ಮನೆಯಲ್ಲಿ ನಿನಗೆ ಬಂದ ನೆಗಡಿಯೂ ನನ್ನ ಜ್ವರಕ್ಕಿಂತ ದೊಡ್ಡದು.

ಆ ಬಂದೂಕು ಎರಡು ಮುಳ್ಳು ಚುಚ್ಚಿ ಮೈಯೊಳಗೆ ಕರೆಂಟು ಹರಿಸುತ್ತದೆ. ಹೆಚ್ಚಿನವರು ಐದು ಸೆಕೆಂಡು ಬಿಗಿದು ಬಿದ್ದು, ಮೈ ಕೊಡವಿಕೊಂಡು ಏಳುತ್ತಾರೆ. ಆದರೆ ಮುಳ್ಳು ಎದೆಯ ಹತ್ತಿರ ನಾಟಿದರೆ ಅಪರೂಪಕ್ಕೆ ಹೃದಯದ ತಾಳವೇ ತಪ್ಪಬಹುದು, ಮೊದಲೇ ದೋಷವಿದ್ದ ಹೃದಯಕ್ಕೆ ಭಯ ಹೆಚ್ಚು ಎನ್ನುತ್ತಾರೆ ನಮ್ಮ ಡಾಕ್ಟರು. ಅಪ್ಪನಿಗೆ ಹೇಳಿದೆ. "ನಿಂಗೆ ಅವಳನ್ನ ಕಂಡ್ರೆ ಹೊಟ್ಟೆಕಿಚ್ಚು" ಅಂದರು. ಅದು ಸುಳ್ಳೂ ಅಲ್ಲವಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಭರ್ತಿಗೆ ಮುಂಚೆ ನಿನ್ನ ಇಸಿಜಿ ತೆಗೆದವಳು ನಾನೇ ತಾನೆ? ಗೆರೆಯಲ್ಲಿ ಒಂದು ಅಂತರ ಇರಬೇಕಾದ್ದಕ್ಕಿಂತ ಉದ್ದವಾಗಿ ಕಂಡಿತ್ತು, ಹೃದಯದಲ್ಲಿ ದೋಷವಿರಬಹುದು ಅನ್ನಿಸಿತ್ತು. ನೀನು ಆಯ್ಕೆಯಾಗದಿರಲಿ ಎಂದು ಆಗ ಒಳಗೊಳಗೇ ಬಯಸುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಆ ದೋಷವನ್ನೂ ಕಾಣಿಸಿದ್ದು ನನ್ನ ಹೊಟ್ಟೆಕಿಚ್ಚೇ ಎಂದುಕೊಂಡು "ಸರಿಯಿದೆ" ಎಂದು ಬರೆದುಬಿಟ್ಟೆ. ನನ್ನನ್ನು ನಂಬಿ ಡಾಕ್ಟರು ಸಹಿ ಹಾಕಿದರು. ಇವತ್ತು ಅದರ ಪ್ರತಿಯನ್ನು ಹೆಸರು ಮುಚ್ಚಿ ಅವರಿಗೆ ತೋರಿಸಿ, ಇವರಿಗೆ ಆ ಶಾಕ್ ಕೊಡಬಹುದೇ ಎಂದು ಕೇಳಿದೆ. "ಯಾರದಮ್ಮಾ ಇದು? ಬೇಡವೇ ಬೇಡ. ಮೊದಲು ಹೃದಯದ ಡಾಕ್ಟರಿಗೆ ತೋರಿಸೋಕೆ ಹೇಳು" ಅಂದರು. ನಿಮಗೆ ಭಾನುವಾರ ಮಾತ್ರ ಫೋನು. ಅದಕ್ಕೇ ಪ್ರತಿಯನ್ನು ಇದರೊಳಗಿಟ್ಟು, ಇವತ್ತು ರಾತ್ರಿ ಆ ಕಡೆ ಲಾರಿ ಒಯ್ಯುತ್ತಿರುವ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಲ್ಲಿಯ ವೈದ್ಯರಿಗೆ ತೋರಿಸು. ಶುಕ್ರವಾರ ಸಂಜೆಯೊಳಗೆ ನೀನು ತೋರಿಸಿದೆ ಎಂದು ಅವರಿಂದ ನನಗೆ ಫೋನ್ ಬಾರದಿದ್ದರೆ ನಿಮ್ಮ ಕಚೇರಿಗೆ ನಾನೇ ಫೋನ್ ಮಾಡುತ್ತೇನೆ. ಕೆಲಸ ಹೋದರೆ ಅಕ್ಕನ ಕಣ್ಣು ತಣ್ಣಗಾಯಿತು ಎಂದುಕೋ, ಬಾಯಿಗೆ ಬಂದಂತೆ ಬಯ್ಯು. ಬಯ್ಯುವುದಕ್ಕೆ ನೀನು ಇರಬೇಕು.