ಕೆನಡಾ ಮಗು ಎಲ್ಲಿ?

ಮಾರ್ಚ್ 21, 2020. ಶನಿವಾರ. ಹಾರೋಹಳ್ಳಿ

ಪಾಪುಗೆ ಸ್ನಾನ ಆಯಿತು. ತಮ್ಮನ ಹೆಂಡತಿ ಪದ್ಮಶ್ರೀ ನೀರು ಹೊಯ್ದಳು, ನಾನು ಸಾಂಬ್ರಾಣಿ ಹಾಕಿದೆ. ಸೂಟ್‌ಕೇಸ್ ಅರ್ಧ ತುಂಬಿದೆ. ಗುರುವಾರ ಫ್ಲೈಟ್ ಇತ್ತು... ಮಧ್ಯಾಹ್ನ ಏರ್‌ಲೈನ್‌ನವರ ಮೆಸೇಜ್ — ಕ್ಯಾನ್ಸಲ್. ನಾಳೆಯಿಂದ ಹೊರದೇಶದ ವಿಮಾನ ಯಾವುದೂ ಇಲ್ಲವಂತೆ. ಒಂದು ವಾರ ಅಷ್ಟೇ ಅನ್ನುತ್ತಾರೆ.

ಬಂದ ಕೆಲಸವೆಲ್ಲ ಮುಗಿದಿತ್ತು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಅಮ್ಮ ಹೊತ್ತಿದ್ದ ಹರಕೆಯನ್ನೂ ತೀರಿಸಿದೆವು. ಪದ್ಮಶ್ರೀ ಅಲ್ಲಿ ಎಷ್ಟು ಹೊತ್ತು ಕಣ್ಣು ಮುಚ್ಚಿ ನಿಂತಳೆಂದರೆ ಹಿಂದಿನವರು ಗೊಣಗಿದರು. ಮದುವೆಯಾಗಿ ಆರು ವರ್ಷ, ಎರಡು ಸಲ ಬಸಿರು ನಿಲ್ಲದೆ ಹೋಯಿತು. ಪಾಪ.

ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಹೊರಡೋಣ ಅಂತ ಬಂದವಳು. ಮಧು ಈ ಬಾಡಿಗೆ ಮನೆಗೆ ಬಂದು ತಿಂಗಳೂ ಆಗಿಲ್ಲ — ಇಂಡಸ್ಟ್ರಿಯಲ್ ಏರಿಯಾಕ್ಕೆ ಹತ್ತಿರ ಅಂತ. ಅಕ್ಕಪಕ್ಕದವರು ಯಾರೋ ಏನೋ. ನಾವೂ ಯಾರಿಗೂ ಗೊತ್ತಿಲ್ಲ.

ನನ್ನ ಗಂಡ ಮನೋಹರ್ ಕೆನಡಾದ ವಿನ್ನಿಪೆಗ್‌ನಿಂದ ಫೋನ್ ಮಾಡಿದರು. ಮೊದಲ ಪ್ರಶ್ನೆ, "ಪಾಪು ವೀಸಾ ಎಲ್ಲೀಗಂಟ ಐತೆ?" ನನಗೆ ಅದು ನೆನಪೇ ಇರಲಿಲ್ಲ. ನನ್ನದು ಇಂಡಿಯನ್ ಪಾಸ್‌ಪೋರ್ಟ್, ನನಗೇನು. ಪಾಪು ಅಲ್ಲಿ ಹುಟ್ಟಿದವಳು, ಕೆನಡಾದವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ನನ್ನ ಊರಿಗೆ ಟೂರಿಸ್ಟ್! ಇದೇ 30ಕ್ಕೆ ವೀಸಾ ಮುಗಿಯುತ್ತದೆ.

ಮಾರ್ಚ್ 25. ಯುಗಾದಿ

ದೇಶವೇ ಬಂದ್. ಒಬ್ಬಟ್ಟು ಇಲ್ಲ, ಬೆಲ್ಲವಿತ್ತು, ಬೇವು ರಸ್ತೆಯ ಮರದ್ದು. ನಮ್ಮೂರು ಉಯ್ಯಂಬಳ್ಳಿಗೆ ಹೋಗಿಬಿಡೋಣ ಅಂತ ಅಮ್ಮನಿಗೆ ಫೋನ್ ಮಾಡಿದೆ.

"ಬರ್ಬ್ಯಾಡ ಕಣವ್ವ. ದಾರಿಗೆ ಮುಳ್ಳು ಹಾಕವ್ರೆ. ಬೆಂಗ್ಳೂರಿಂದ ಬಂದವ್ರನ್ನೇ ಒಳೀಕ್ ಬುಡ್ತಿಲ್ಲ, ನೀನು ಫಾರಿನ್ನಿಂದ ಬಂದವ್ಳು ಅಂತ ಎಲ್ರಿಗೂ ಗೊತ್ತು" ಅಂದು ಅತ್ತಳು. ನಾನು ಅಳಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಮಾರ್ಚ್ 27. ಶುಕ್ರವಾರ

ಆಶಾ ಕಾರ್ಯಕರ್ತೆ ಬಂದಿದ್ದಳು, ದಿವ್ಯ ಅಂತ. ಹಿಂದೆಯೇ ಮನೆ ಓನರ್ ಗಂಗಹನುಮಯ್ಯ, ಬಾಯಿಗೆ ಟವೆಲ್ ಕಟ್ಟಿಕೊಂಡು. ಪಕ್ಕದ ಬೀದಿಯಲ್ಲಿ ದುಬೈನಿಂದ ಬಂದವರ ಬಾಗಿಲಿಗೆ ಕ್ವಾರಂಟೈನ್ ಸ್ಟಿಕ್ಕರ್ ಅಂಟಿಸಿದ್ದಾರೆ. ನೀರಿನ ಕ್ಯಾನಿನವನೂ ಆ ಕಡೆ ಹೋಗುವುದಿಲ್ಲ.

"ಫಾರಿನ್ನಿಂದ ಯಾರಾನ ಬಂದವ್ರಾ?"

ನಾನು ಬಾಯಿ ತೆರೆದೆ. ಮಧು ಅಷ್ಟರಲ್ಲಿ, "ಯಾರೂ ಇಲ್ಲ ಮೇಡಂ. ಇವ್ರು ನಮ್ಮಕ್ಕ, ಊರಿಂದ ಬಂದವ್ರೆ. ಇದು ನಮ್ ಪಾಪು" ಅಂದುಬಿಟ್ಟ. ಪಾಪು ಪದ್ಮಶ್ರೀ ಸೊಂಟದಲ್ಲಿತ್ತು. ಎಷ್ಟು ಸಲೀಸಾಗಿ ಬಂತು ಸುಳ್ಳು!

"ಎಂಟ್ ತಿಂಗ್ಳಾ? ತಾಯಿ ಕಾರ್ಡ್ ತೋರ್ಸಮ್ಮ. ಒಂಬತ್ ತಿಂಗ್ಳಿಂದು ಇಂಜೆಕ್ಷನ್ ಐತಲ್ಲ ಮುಂದಿನ್ ತಿಂಗ್ಳು."

"ಮನೆ ಶಿಫ್ಟ್ ಮಾಡ್ದಾಗ ಕಳ್ದೋಯ್ತು" ಅಂದಳು ಪದ್ಮಶ್ರೀ. ಅವಳಿಗೂ ಎಲ್ಲಿಂದ ಬಂತೋ. ಗದರುತ್ತಲೇ ದಿವ್ಯ ಹೊಸ ಕಾರ್ಡ್ ಬರೆದುಕೊಟ್ಟಳು. ಬೇಬಿ ಆಫ್ ಪದ್ಮಶ್ರೀ.

ಅವರು ಹೋದ ಮೇಲೆ ಮೂವರೂ ನಕ್ಕೆವು. 

ಮಾರ್ಚ್ 29

ವೀಸಾ ಎಕ್ಸ್‌ಟೆನ್ಷನ್. ಒಬ್ಬರು ಅನ್ನುತ್ತಾರೆ ತಾನಾಗೇ ಮುಂದಕ್ಕೆ ಹೋಗುತ್ತೆ, ಏನೂ ಮಾಡಬೇಡಿ ಅಂತ. ಕೆನಡಾ ಕಾನ್ಸುಲೇಟ್ ಮೇಲ್ ಅನ್ನುತ್ತೆ ಅಪ್ಲೈ ಮಾಡಲೇಬೇಕು. ಮನೋಹರ್ ಫ್ರೆಂಡ್ ಒಬ್ಬ — ಅಪ್ಲೈ ಮಾಡಿದರೆ ಲಿಸ್ಟಿಗೆ ಸೇರ್ತೀರಿ, ಹುಡುಕಿಕೊಂಡು ಬರ್ತಾರೆ. ಯಾರನ್ನು ನಂಬುವುದು?

ಅಪ್ಲೈ ಮಾಡಿದೆ. ವಿದೇಶಿಯ ಉದ್ಯೋಗ ಏನು ಅಂತ ಫಾರ್ಮ್ ಕೇಳಿತು. ಬೆರಳು ಚೀಪುವುದು ಅಂತ ಬರೆಯಬೇಕು ಅನ್ನಿಸಿತು. ವಿಳಾಸ ಈ ಮನೆಯದು, ಮಧು ರೆಂಟ್ ಅಗ್ರಿಮೆಂಟ್ ಹಾಕಿದ. ಸಬ್‌ಮಿಟ್ ಒತ್ತಿದ ಮೇಲೆ ಹೊಳೆಯಿತು — ಇದೇ ಮನೆಯಲ್ಲಿ ವಿದೇಶಿ ಮಗು ಇದೆ ಅಂತ ಈಗ ಬರೆದಿದ್ದೇವೆ. ಇಲ್ಲ ಅಂತ ಮೊನ್ನೆ ಬರೆಸಿದ್ದೇವೆ.

ಮಧುಗೆ ಹೇಳಿದೆ. "ಅದು ಹೆಲ್ತು, ಇದು ವೀಸಾ. ಅವ್ರಿಗೂ ಇವ್ರಿಗೂ ಏನ್ ಸಂಬಂಧ ಬುಡಕ್ಕ" ಅಂದ.

ಏಪ್ರಿಲ್ 9

ಇಂಜೆಕ್ಷನ್. ಪದ್ಮಶ್ರೀ ಕರೆದುಕೊಂಡು ಹೋದಳು, ತಾಯಿ ಅವಳಲ್ಲವೇ! ನಾನು ಬಾಗಿಲಲ್ಲಿ ನಿಂತು ಕಾದೆ. ಬಂದವಳ ಮುಖದಲ್ಲಿ ಅದೇನು ಕಳೆ. "ಮೂಗು ಥೇಟ್ ನಂದೇ ಅಂತೆ ಅಕ್ಕ, ಎಲ್ರೂ ಅಂದ್ರು." ಅಂಗನವಾಡಿಯವರು ಪುಷ್ಟಿ ಹಿಟ್ಟಿನ ಪ್ಯಾಕೆಟ್ ಕೂಡ ಕೊಟ್ಟಿದ್ದಾರೆ.

ನಗುತ್ತಲೇ ಪಾಪುವನ್ನು ಎತ್ತಿಕೊಂಡೆ. ಸ್ವಲ್ಪ ಜೋರಾಗಿಯೇ ಕಿತ್ತುಕೊಂಡೆನೇನೋ. ಅವಳು ತಿರುಗಿಯೂ ನೋಡದೆ ಒಳಗೆ ಹೋದಳು.

ಏಪ್ರಿಲ್ 16

ವೀಸಾ ಹದಿನೈದರವರೆಗೆ ಅಂದಿದ್ದರು. ಈಗ ಮೇ 3 ಅನ್ನುತ್ತಿದ್ದಾರೆ. ಅದು ಅಪ್ಲೈ ಮಾಡಿದವರಿಗೋ, ಅಪ್ರೂವ್ ಆದವರಿಗೋ? ನಮ್ಮದು 'ಅಂಡರ್ ಪ್ರಾಸೆಸ್'. ದಿನಕ್ಕೆ ಹತ್ತು ಸಲ ನೋಡುತ್ತೇನೆ.

ಗಂಟಲು ಕೆರೆತ. ಧೂಳು ಇರಬೇಕು.

ಏಪ್ರಿಲ್ 18

ಧೂಳಲ್ಲ. ಜ್ವರ. ಪಾಪುವನ್ನು ಪದ್ಮಶ್ರೀ ಕೈಗೆ ಕೊಟ್ಟು ಮುಂದಿನ ರೂಮಿಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ. ಆಸ್ಪತ್ರೆಗೆ ಹೋದರೆ ಎಲ್ಲಿಂದ ಬಂದೆ ಅಂತ ಕೇಳುತ್ತಾರೆ. ಇಡೀ ಜಿಲ್ಲೆಯಲ್ಲಿ ಒಂದೂ ಕೇಸ್ ಇಲ್ಲ ಅಂತ ಟಿವಿಯಲ್ಲಿ ಹೇಳುತ್ತಿದ್ದಾರೆ. ಮೊದಲನೆಯದು ನಾನಾದರೆ? ಕ್ಯಾಮೆರಾ ಬರುತ್ತೆ. ಮಧು ಕೆಲಸ ಹೋಗುತ್ತೆ. ಪಾಪುವನ್ನು ಎಲ್ಲಿ ಒಯ್ಯುತ್ತಾರೆ?

ಅಳುತ್ತಿದೆ. ಹಾಲಿಗೆ. ಎದೆ ಕಲ್ಲಾಗಿದೆ. ದೇವರೇ

ಮೇ 7

ಬರೆಯುವ ಶಕ್ತಿ ಬಂದಿದೆ. ಏನಾಗಿತ್ತೋ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಬೇರೆ ಯಾರಿಗೂ ಬರಲಿಲ್ಲ. ಪದ್ಮಶ್ರೀ ಕಿಟಕಿಯಲ್ಲಿ ಗಂಜಿ ಇಟ್ಟು ಹೋಗುತ್ತಿದ್ದಳು. ಪಾಪುಗೆ ಡಬ್ಬದ ಹಾಲು, ರಾಗಿ ಸರಿ, ಸ್ನಾನ, ನಿದ್ದೆ ಎಲ್ಲ ಅವಳೇ. ಅವಳಿಲ್ಲದಿದ್ದರೆ ನನ್ನ ಮಗು ಏನಾಗುತ್ತಿತ್ತು? ಇದನ್ನು ಮರೆಯಬಾರದು ಅಂತ ಬರೆದಿಡುತ್ತಿದ್ದೇನೆ.

ಹಾಲು ಬತ್ತಿಹೋಗಿದೆ.

ಮೇ 9

ಇವತ್ತು ರೂಮಿನಿಂದ ಹೊರಗೆ ಬಂದೆ. ಕೈ ಚಾಚಿದೆ. ಪಾಪು ಮುಖ ತಿರುಗಿಸಿ ಪದ್ಮಶ್ರೀ ಕುತ್ತಿಗೆಗೆ ಅಂಟಿಕೊಂಡಳು. "ಒಸಿ ದಿನ ಅಷ್ಟೇ ಅಕ್ಕ, ಸರಿಹೋಯ್ತಾಳೆ."

ಸಂಜೆ ಅಡುಗೆಮನೆಯಿಂದ ಕೇಳಿಸಿತು. "ಬಾ ಬಂಗಾರಿ, ಅಮ್ಮನ್ ಹತ್ರ ಬಾ." ಮೊದಲು "ಅತ್ತೆ ಹತ್ರ ಬಾ" ಅನ್ನುತ್ತಿದ್ದಳು. ಓನರ್‌ಗೆ ಕೇಳಿಸಲಿ ಅಂತ ಹಾಗಂದಿರಬೇಕು ಅಂದುಕೊಂಡೆ. ಓನರ್ ಮನೆಯಲ್ಲೇ ಇರಲಿಲ್ಲ.

ಮೇ 22

ಕಾನ್ಸುಲೇಟ್ ಮೇಲ್. ಜೂನ್ 10ಕ್ಕೆ ಸ್ಪೆಷಲ್ ಫ್ಲೈಟ್. ಪಾಪುಗೂ ನನಗೂ ಸೀಟು! ಪಾಪು ವೀಸಾ ಎಕ್ಸ್‌ಟೆನ್ಷನ್ ಕಾಗದ ಕೈಯಲ್ಲಿರಬೇಕು, ಅಷ್ಟೇ. ಕುಣಿಯುತ್ತಾ ಸ್ಟೇಟಸ್ ತೆಗೆದೆ.

'ಈ ವಿಳಾಸದಲ್ಲಿ ವಿದೇಶಿಯರಿಲ್ಲ ಎಂದು ವರದಿ.'

ಮಧು ಓಡಿಹೋಗಿ ಓನರನ್ನು ಕೇಳಿದ. ಹೌದು, ಸ್ಟೇಷನ್ನಿಂದ ಫೋನ್ ಬಂದಿತ್ತಂತೆ. ಗಂಗಹನುಮಯ್ಯ ಎದೆಯುಬ್ಬಿಸಿ ಹೇಳಿದರು, "ನಮ್ ಬಿಲ್ಡಿಂಗಲ್ಲಿ ಫಾರಿನ್ನವ್ರು ಯಾರೂ ಇಲ್ಲ ಸ್ವಾಮಿ, ಇರೋದು ಮಧು, ಅವ್ನ ಹೆಂಡ್ತಿ ಮಗು, ಅವ್ರಕ್ಕ ಅಂತ ಖಡಕ್ಕಾಗಿ ಹೇಳಿವ್ನಿ. ನೀವೇನ್ ಹೆದರ್ಕಬ್ಯಾಡಿ."

 ಮತ್ತೆ ಅರ್ಜಿ ಹಾಕಿದ್ದೇವೆ, ದಯವಿಟ್ಟು ಬಂದು ನೋಡಿ ಅಂತ.

ಮೇ 29. ಶುಕ್ರವಾರ

ಬಂದರು. ಹೆಡ್ ಕಾನ್‌ಸ್ಟೇಬಲ್ ಮರಿಯಪ್ಪ. ಕೆಟ್ಟವರಲ್ಲ. ನೀರು ಕೇಳಿ ಕುಡಿದರು. ಪಾಪು ಪದ್ಮಶ್ರೀ ಸೊಂಟದಲ್ಲಿತ್ತು — ನನ್ನ ಹತ್ತಿರ ಬಂದರೆ ಇನ್ನೂ ಅಳುತ್ತೆ.

ಪಾಸ್‌ಪೋರ್ಟ್ ತೋರಿಸಿದೆ. ಫೋಟೋದಲ್ಲಿ ಆರು ವಾರದ ಬೋಳು ತಲೆ. ಈಗ ತಲೆ ತುಂಬ ಗುಂಗುರು.

"ಇದು ಯಾವ್ ಮಗುವಾದ್ರೂ ಆಗ್ಬೋದಲ್ಲಮ್ಮ. ಅಮ್ಮನ ಹೆಸ್ರೂ ಇಲ್ಲ ಇದ್ರಲ್ಲಿ. ಬರ್ತ್ ಸರ್ಟಿಫಿಕೇಟ್?"

ವಿನ್ನಿಪೆಗ್‌ನಲ್ಲಿದೆ. ಮನೋಹರ್ ವಾಟ್ಸಾಪ್‌ನಲ್ಲಿ ಕಳಿಸಿದ್ದು ತೋರಿಸಿದೆ. ತಲೆಯಾಡಿಸಿದರು. ಒರಿಜಿನಲ್ ಬೇಕಂತೆ. ಕೊರಿಯರ್ ಎಲ್ಲಿದೆ ಈಗ?

ಅವರ ಜೇಬಿನಲ್ಲಿ ಆರೋಗ್ಯ ಕೇಂದ್ರದಿಂದ ತಂದ ಚೀಟಿ. ಓದಿದರು. "ಈ ಮನೆ ಮಗು ಪದ್ಮಶ್ರೀದು ಅಂತ ಸರ್ಕಾರಿ ಕಾರ್ಡ್ ಐತೆ. ಇಂಜೆಕ್ಷನ್ ಆಗೈತೆ. ಹಂಗಾದ್ರೆ ಕೆನಡಾ ಮಗು ಎಲ್ಲಿ?"

"ಇದೇ ಸಾರ್. ಸುಳ್ಳೇಳ್ಬುಟ್ವಿ, ಭಯ ಆಗಿತ್ತು" ಅಂದ ಮಧು.

"ಯಾವ್ದು ಸುಳ್ಳು? ಆಗ ಹೇಳಿದ್ದಾ, ಈಗ ಹೇಳ್ತಿರೋದಾ?" ಪದ್ಮಶ್ರೀ ಕಡೆ ತಿರುಗಿದರು. "ನೀನ್ ಹೇಳಮ್ಮ. ಯಾರ್ ಮಗು?"

ಒಂದೇ ಮಾತು. ಅವಳು ಹೇಳಿದ್ದರೆ ಮುಗಿಯುತ್ತಿತ್ತು. ನೆಲ ನೋಡಿದಳು. "ಒಲೆ ಮೇಲೆ ಸರಿ ಐತೆ, ಸೀದೋಯ್ತದೆ" ಅಂದು ಪಾಪುವನ್ನು ಎತ್ತಿಕೊಂಡೇ ಒಳಗೆ ಹೋದಳು.

ಮರಿಯಪ್ಪ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನನ್ನ ಮಗು ನನ್ನದೇ ಅಂತ ತೋರಿಸಲು ಮೈಯಲ್ಲಿ ಹಾಲೂ ಇಲ್ಲ.

"ಸೋಮವಾರ ಹತ್ತು ಗಂಟೆಗೆ ರಾಮನಗರದ ಎಸ್ಪಿ ಆಫೀಸಿಗೆ ಮಗೂನ ಎತ್ಕಂಡು ಬನ್ನಿ. ಸಾಹೇಬ್ರು ತಾಯಿ ಸ್ಟೇಟ್‌ಮೆಂಟ್ ತಕ್ಕಂಡು ಮುಗಿಸ್ತಾರೆ. ಇಲ್ಲಿ ಫಾರಿನರ್ ಇಲ್ಲ ಅಂತ ಬರ್ಕಂಡ್ರೆ ಫೈಲು ಕ್ಲೋಸು, ಆಮೇಲೆ ಮಗು ಎಲ್ಲಿಗೂ ಹೋಗಂಗಿಲ್ಲ. ಎಲ್ರೂ ಬರ್ಬ್ಯಾಡಿ, ಕೊರೊನಾ. ತಾಯಿ ಬಂದ್ರೆ ಸಾಕು."

ಮೇ 31. ಭಾನುವಾರ

ಮಧು ಪದ್ಮಶ್ರೀಗೆ ಬೈದ. ಅವಳು ಪಾಪುಗೆ ಉಣ್ಣಿಸುತ್ತಲೇ ಇದ್ದಳು. ಮಧ್ಯಾಹ್ನ ಅವನು ನೈಟ್ ಶಿಫ್ಟ್ ಇದೆ ಅಂತ ಮಲಗಿದ್ದಾಗ ನನ್ನ ಪಕ್ಕ ಬಂದು ಕೂತಳು. ಸೊಪ್ಪು ಬಿಡಿಸುತ್ತಾ, ತುಂಬಾ ಮೆಲ್ಲಗೆ —

"ಅಕ್ಕ, ಪಾಪು ಇಲ್ಲೀದೇ ಅಂತಾದ್ರೆ ವೀಸಾನೇ ಬ್ಯಾಡ್ವಲ್ಲ? ಯಾರೂ ಕೇಳಂಗಿಲ್ಲ. ಪೊಲೀಸ್ನೋರೂ ಬರಲ್ಲ."

ತಮಾಷೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆ ಅಲ್ಲ.

"ನಿಮ್ಗೆ ಇನ್ನೊಂದು ಆಯ್ತದೆ ಅಕ್ಕ."

ಕೆನ್ನೆಗೆ ಹೊಡೆಯಬೇಕಿತ್ತು. ಕೈ ಏಳಲಿಲ್ಲ. ಆ ಕೈಗಳು ಇಪ್ಪತ್ತು ದಿನ ನನ್ನ ಮಗುವನ್ನು ಸಾಕಿವೆ... ಎದ್ದು ಪಾಪುವನ್ನು ನನ್ನ ರೂಮಿಗೆ ತಂದೆ. ಅತ್ತಳು. ಉಸಿರು ಸಿಕ್ಕಿಕೊಳ್ಳುವ ಹಾಗೆ ಅತ್ತಳು. ಕೊನೆಗೆ ನಾನೇ ಬಾಗಿಲು ತೆಗೆದು ಕೊಟ್ಟೆ. ಅವಳ ತೋಳಿಗೆ ಬಿದ್ದದ್ದೇ ತಡ ಸುಮ್ಮನಾದಳು. 

ನನಗೆ ಪೊಲೀಸರ ಭಯ ಈಗ ಇಲ್ಲ. ವೀಸಾದ್ದೂ ಇಲ್ಲ. ಅಡುಗೆಮನೆಯಲ್ಲಿ ಪಾಪುಗೆ ಅವಳು ಹೇಳಿಕೊಡುತ್ತಿರುವ ಹಾಡು ಕೇಳಿದರೆ ಭಯ. ಮಧು ಬೆಳಿಗ್ಗೆ ಬರಲಿ, ಎಲ್ಲ ಹೇಳುತ್ತೇನೆ. ಅವನೇ ಬೈಕಿನಲ್ಲಿ ನಮ್ಮಿಬ್ಬರನ್ನು ರಾಮನಗರಕ್ಕೆ ಬಿಡುತ್ತಾನೆ.

ಜೂನ್ 1. ಸೋಮವಾರ ಬೆಳಿಗ್ಗೆ

ಸ್ನಾನ ಆಯಿತು. ತಲೆ ಒದ್ದೆ. ಮಧು ಇನ್ನೂ ಬಂದಿಲ್ಲ. ಪಾಪು ಪದ್ಮಶ್ರೀ ಪಕ್ಕ ನಿದ್ದೆಯಲ್ಲಿದ್ದಳು, ಏಳಿಸಲಿಲ್ಲ. ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲಿದೆ, ಎರಡು ಸಲ ನೋಡಿಕೊಂಡೆ. ಸಾಹೇಬರ ಮುಂದೆ ಹೇಗೆ ಶುರು ಮಾಡುವುದು? ನಾನು ನಯನಾ. ಇದು ನನ್ನ ಮಗಳು ಇಂಚರ. ಹೆತ್ತದ್ದು ನಾನು. ಹೀಗೆ ಹೇಳಿದರೆ ಸಾಕಲ್ಲ, ಇದಕ್ಕಿಂತ ಏನು ಹೇಳಬೇಕು. ಧೈರ್ಯವಾಗಿ ಹೇಳಬೇಕು. ಪಾಪು ಅತ್ತರೂ ಗಟ್ಟಿಯಾಗಿ ಹಿಡಿದುಕೊಂಡೇ ಹೇಳಬೇಕು.

ಆಟೋ ಒಂದು ಬಂದು ನಿಂತ ಸದ್ದು. ಓನರ್‌ಗೆ ಇರಬೇಕು. ನಾವು ಆಟೋ ಹೇಳಿಲ್ಲ.

ಮುಂದಿನ ಬಾಗಿಲ ಚಿಲಕದ ಸದ್ದು. ಮಧು ಬಂದನೇನೋ. ಕೂಗಿದೆ. ಅವನಲ್ಲ. ಪದ್ಮಶ್ರೀ ಅಂತ ಅಡುಗೆಮನೆ ಇಣುಕಿದೆ. ಇಲ್ಲ.

ಪಾಪು ನಗುತ್ತಿದೆ. ರಸ್ತೆಯಿಂದ ಕೇಳಿಸುತ್ತಿದೆ. ಆಟೋದಿಂದ — ನನ್ನ