ಭಾವನ ಬಾಯಿಗೆ ನೀವಿಟ್ಟ ಸಿಗರೇಟು

ಮಾನ್ಯ ಪರಿಶೀಲನಾಧಿಕಾರಿಗಳೇ,

ಸತ್ತವರ ಬಾಯಿಗೆ ಸಿಗರೇಟು ಇಡಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಜೈವಿಕ ಡೀಸೆಲ್ ಘಟಕದ ಸ್ಫೋಟಕ್ಕೆ 'ಮೃತ ಕಾರ್ಮಿಕನ ಧೂಮಪಾನವೇ ಕಾರಣ' ಎಂದು ವರದಿ ಬರೆದಿದ್ದೀರಿ. ಆ ಕಾರ್ಮಿಕ ನನ್ನ ಅಕ್ಕನ ಗಂಡ. ಸಿಗರೇಟಿನ ವಾಸನೆ ಬಡಿದರೆ ಬಸ್ಸಿನಿಂದಲೇ ಇಳಿದುಬಿಡುತ್ತಿದ್ದ ಮನುಷ್ಯ. ಕಿಡಿ ಹಾರಿಸಿದ್ದು ನಾನು. ನಾನು ವೆಲ್ಡರ್.

ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಗೆ, ಥಟ್ಟನೆ ಹೊತ್ತಿಕೊಳ್ಳುವ ಮೆಥನಾಲ್ ಎಂಬ ಸ್ಪಿರಿಟ್ ಬೆರೆಸಿ ಅಲ್ಲಿ ಡೀಸೆಲ್ ಮಾಡುತ್ತಾರೆ. 'ಹಸಿರು ಇಂಧನ' ಎಂಬ ಕಬ್ಬಿಣದ ಫಲಕವನ್ನು ಮೆಥನಾಲ್ ಟ್ಯಾಂಕಿಗೇ ಬೆಸೆದಿರಬೇಕು, ಇಲ್ಲವಾದರೆ ಪರವಾನಗಿ ಇಲ್ಲ ಎಂದು ನೋಟಿಸು ಕೊಟ್ಟವರು ತಾವು. ಗಡುವು ಎರಡೇ ದಿನ. ಇಂಥ ಟ್ಯಾಂಕು ತುಂಬಿದ್ದರೂ ಭಯ, ಖಾಲಿಯಾದರೆ ಇನ್ನೂ ಭಯ, ಏಕೆಂದರೆ ಒಳಗೆಲ್ಲ ಆವಿ ಕೂತಿರುತ್ತದೆ. ಬಾಯಿತನಕ ನೀರು ತುಂಬಿಸದೆ ಬೆಸುಗೆ ಹಾಕಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ.

"ನೀರು ತುಂಬಿಸಿ, ಇಲ್ಲಾಂದ್ರೆ ನಾನು ಮಾಡಲ್ಲ" ಎಂದೆ.

"ನಾಳೆ ಬೆಳಗ್ಗೆ ಸಾಹೇಬ್ರು ಬರ್ತಾರೆ. ಖಾಲಿ ಟ್ಯಾಂಕಿಗೂ ಹೆದರ್ತೀಯೇನಯ್ಯ?" ಎಂದರು ಮ್ಯಾನೇಜರ್.

ಭಾವ ಫಲಕದ ಆ ತುದಿ ಹಿಡಿದು ನಿಂತರು. "ಶುರು ಮಾಡು, ನಾನೂ ಇಲ್ಲೇ ಇದೀನಲ್ಲ" ಎಂದರು. ಶುರು ಮಾಡಿದೆ.

ಒಳಗಿನ ಆವಿಗೆ ಕಿಡಿ ತಾಗಿ ಟ್ಯಾಂಕು ಅವರ ಕಡೆಗೇ ಸೀಳಿಹೋಯಿತು. ತಳದಲ್ಲಿ ಉಳಿದಿದ್ದ ಮೆಥನಾಲ್ ಚಿಮ್ಮಿ ಅವರನ್ನು ತೋಯಿಸಿತು. ಹಗಲಿನಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ, ಗೊತ್ತೇ ಸ್ವಾಮಿ? ಭಾವ ಬರಿಗಾಳಿಯನ್ನು ಬಡಿಯುತ್ತ ಓಡಿದರು. ಅಂಗಿ ಚರ್ಮಕ್ಕೆ ಅಂಟಿತು, ಆಮೇಲೆ ಚರ್ಮವೇ ಅಂಗಿಯ ಹಾಗೆ ಕಳಚಿತು. ಹಿಡಿಯಲು ಹೋದ ನನ್ನ ಎರಡೂ ಕೈ ಬೆಂದವು. ಉಳಿದವರು ಬಕೆಟ್ ಹಿಡಿದು, ಬೆಂಕಿ ಎಲ್ಲಿದೆ ಎಂದು ಕೇಳುತ್ತ ನಿಂತೇ ಇದ್ದರು.

ನವೀಕರಿಸಬಹುದಾದ ಇಂಧನವೆಂದು ನಿಮ್ಮ ಕಚೇರಿಯ ಗೋಡೆ ತುಂಬ ಬರೆಸಿದ್ದೀರಿ. ಭಾವನನ್ನು ನವೀಕರಿಸಲು ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು? ಆ ಇಂಧನದ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಕತ್ತಿನಪಟ್ಟಿ ಹಿಡಿದು, ಸೀಳಿದ ಟ್ಯಾಂಕಿನೊಳಗೆ ತಲೆ ತುರುಕಬೇಕೆನ್ನುವಷ್ಟು ಸಿಟ್ಟು ನಿಮ್ಮ ಮೇಲಿದೆ. ಅಷ್ಟೇ ಸಿಟ್ಟು ನನ್ನ ಮೇಲೂ ಇದೆ.

ವರದಿಯಿಂದ ಆ ಸಿಗರೇಟನ್ನು ತೆಗೆಯಿರಿ. ಅಲ್ಲಿ ನನ್ನ ಹೆಸರು ಬರೆಯಿರಿ, ಅದರ ಮೇಲೆ ಮ್ಯಾನೇಜರದ್ದು, ಎಲ್ಲಕ್ಕಿಂತ ಮೇಲೆ ನಿಮ್ಮದು.

ನನ್ನ ಬೆರಳುಗಳು ಇನ್ನೂ ಪೆನ್ನು ಹಿಡಿಯುವುದಿಲ್ಲ. ನಾನು ಹೇಳಿದ್ದನ್ನು ಬರೆದುಕೊಡುತ್ತಿರುವವಳು ಅಕ್ಕ. ಬೆಂಕಿ ಆರಿಸಲು ಹೋಗಿ ನನ್ನ ಕೈ ಸುಟ್ಟಿತೆಂದಷ್ಟೇ ಅವಳಿಗೆ ಗೊತ್ತಿತ್ತು. ಕಿಡಿ ನನ್ನದೆಂದು ಹೇಳಿದಾಗ ಪೆನ್ನು ಕೆಳಗಿಟ್ಟು, ಕೈ ಸೋಲುವವರೆಗೆ ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ಪೆನ್ನು ತೆಗೆದುಕೊಂಡು, "ಮುಂದೆ ಹೇಳು" ಎಂದಳು.

ಇಂತಿ,
ಗೊತ್ತಿದ್ದೂ ಬೆಸುಗೆ ಹಾಕಿದ ವೆಲ್ಡರ್